ಹಿಪೊಕ್ಯಾಂಪಸ್: ಬಂದ ಸಂಕೇತವೆಲ್ಲ ನೆನಪಾಗುವುದಿಲ್ಲ

ಕಂಡದ್ದು, ಕೇಳಿದ್ದು, ನಿಂತ ಜಾಗದ ಗುರುತು ಎಲ್ಲವೂ ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನಿಂದ, ನೆನಪು ರೂಪಿಸುವ ಭಾಗವಾದ ಹಿಪೊಕ್ಯಾಂಪಸ್‌ಗೆ ಹರಿದುಬರುತ್ತಲೇ ಇರುತ್ತವೆ. ಎಲ್ಲವನ್ನೂ ಹಾಗೆಯೇ ಬಿಟ್ಟುಕೊಂಡರೆ ಒಂದು ನೆನಪು ಇನ್ನೊಂದರೊಡನೆ ಕಲಸಿಹೋಗುತ್ತದೆ.

ಇದನ್ನು ತಪ್ಪಿಸುವ ಮೊದಲ ಜರಡಿ ಹಿಪೊಕ್ಯಾಂಪಸ್‌ನ ಡೆಂಟೇಟ್ ಗೈರಸ್ ಎಂಬ ಭಾಗ. ಇಲಿಯ ಮಿದುಳಿನಲ್ಲಿ ಒಂದೊಂದು ಬದಿಗೂ ಇಲ್ಲಿ ಸುಮಾರು 10 ಲಕ್ಷ ಗ್ರಾನ್ಯೂಲ್ ಕೋಶಗಳೆಂಬ ನರಕೋಶಗಳಿವೆ. ಒಂದು ಹೊತ್ತಿಗೆ ಮಿಡಿಯುವವು ತೀರಾ ಕಡಿಮೆ. ಉಳಿದವನ್ನು ತಡೆಯೊಡ್ಡುವ ನರಕೋಶಗಳು ಸುಮ್ಮನಿರಿಸುತ್ತವೆ. ಹೀಗಾಗಿ ಹೆಚ್ಚುಕಡಿಮೆ ಒಂದೇ ತೆರನಾದ ಎರಡು ಅನುಭವಗಳೂ ಬೇರೆ ಬೇರೆ ಕೋಶಗಳಲ್ಲಿ ದಾಖಲಾಗಬಲ್ಲವು.

ಮುಂದಿನ ಘಟ್ಟ ಇನ್ನೂ ಸೊಗಸಾದದ್ದು. ಡೆಂಟೇಟ್ ಗೈರಸ್‌ನಿಂದ ಸಂಕೇತ ಹಿಪೊಕ್ಯಾಂಪಸ್‌ನ ಸಿಎ3 ಎಂಬ ಭಾಗಕ್ಕೆ, ಅಲ್ಲಿಂದ ಸಿಎ1 ಎಂಬ ಭಾಗಕ್ಕೆ ಸಾಗುತ್ತದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ಉಪಿಂದರ್ ಭಲ್ಲಾ ಅವರ ತಂಡ ಸುಂಡಿಲಿಯ ಹಿಪೊಕ್ಯಾಂಪಸ್‌ನ ತೆಳು ಹೋಳನ್ನು ತೆಗೆದುಕೊಂಡು, ಸಿಎ3 ಕೋಶಗಳನ್ನು ಬೆಳಕಿನ ಚೌಕಗಳಿಂದ ಕೆರಳಿಸಿ, ಸಿಎ1 ಕೋಶದ ಪ್ರತಿಕ್ರಿಯೆಯನ್ನು ಅಳೆಯಿತು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ನೂರಾರು ಬಗೆಯ ಸಂಕೇತ ಕೊಟ್ಟರೂ ಪ್ರಚೋದನೆ ಎಷ್ಟೋ ಅದಕ್ಕೆ ತಕ್ಕ ತಡೆ ಬೆನ್ನಹಿಂದೆಯೇ ಬರುತ್ತದೆ. ಸಂಕೇತ ಜೋರಾದಷ್ಟೂ ತಡೆ ಬೇಗ ಬರುತ್ತದೆ; ನಡುವಿನ ಕೆಲವೇ ಮಿಲಿಸೆಕೆಂಡುಗಳ ಬಿಡುವೂ ಕಿರಿದಾಗುತ್ತದೆ. ಆದ್ದರಿಂದ ಸಣ್ಣ ಸಂಕೇತಕ್ಕೆ ಬೆಳೆಯಲು ಅವಕಾಶ ಸಿಗುತ್ತದೆ, ದೊಡ್ಡದರ ಅಬ್ಬರ ತಗ್ಗುತ್ತದೆ.

ಹಿಪೊಕ್ಯಾಂಪಸ್‌ನ ಈ ತಡೆ ಕೇವಲ ನೆನಪಿನ ಅಚ್ಚುಕಟ್ಟಿಗಲ್ಲ; ನರಕೋಶಗಳು ಅತಿಯಾಗಿ ಕೆರಳದಂತೆಯೂ ಅದು ಕಾಯುತ್ತದೆ. ಟೆಂಪೊರಲ್ ಲೋಬ್‌ನ ಮೂರ್ಛೆರೋಗವಿರುವ ಹಲವರಲ್ಲಿ ಡೆಂಟೇಟ್ ಗೈರಸ್‌ನ ತಡೆ ನರಕೋಶಗಳು ನಶಿಸಿರುತ್ತವೆ.