ತುಕ್ಕಿಗೂ ಬೆಲೆಯುಂಟು

ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಹೋದವರು ಹೊರಗೋಡೆಯ ವಿಗ್ರಹಗಳನ್ನು ನೋಡಿ ಮೆಚ್ಚುತ್ತಾರೆ. ಅಲ್ಲಿ ಕೊರೆದಿರುವ ರೂವಾರಿಗಳ ಹೆಸರುಗಳನ್ನು ಹುಡುಕುವವರು ಕಡಿಮೆ. ಹೊಯ್ಸಳ ಶಿಲ್ಪಿ ಮಲ್ಲಿತಮ್ಮನ ಹೆಸರು ಆ ಗುಡಿಯಲ್ಲಿದೆ. ಏಳು ಶತಮಾನಗಳು ಕಳೆದರೂ ಇದು ಇಂಥವನ ಕೈಕೆಲಸ ಎಂದು ಹೇಳಲು ಆಧಾರ ಆ ನಾಲ್ಕಾರು ಅಕ್ಷರಗಳೇ. ಶುಚಿ ಮಾಡುವ ಉತ್ಸಾಹದಲ್ಲಿ ಯಾರಾದರೂ ಅವನ್ನು ಉಜ್ಜಿ ಅಳಿಸಿದ್ದರೆ ವಿಗ್ರಹ ಉಳಿಯುತ್ತಿತ್ತು, ಮಲ್ಲಿತಮ್ಮ ಉಳಿಯುತ್ತಿರಲಿಲ್ಲ.

ಹಳೆಯ ಸೈನಿಕ ರಿವಾಲ್ವರುಗಳಿಗೆ ಬೆಲೆ ಕಟ್ಟುವವರು ಹುಡುಕುವುದೂ ಇಂಥ ಅಕ್ಷರಗಳನ್ನೇ. ಅಜ್ಜನೋ ಮುತ್ತಜ್ಜನೋ ಸೇನೆಯಲ್ಲಿದ್ದ ಒಂದು ಮನೆ; ಅಟ್ಟದ ಮೇಲಿನ ಟ್ರಂಕಿನಲ್ಲಿ ರಿವಾಲ್ವರ್ ಸಿಕ್ಕಿತೆನ್ನಿ. 'ಎಷ್ಟು ಬಂದೀತು?' ಎಂಬುದು ಮನೆಯವರ ಮೊದಲ ಪ್ರಶ್ನೆ. ಆಯುಧಪೂಜೆಗೆ ಮಚ್ಚು, ಕುಡುಗೋಲುಗಳನ್ನು ಉಜ್ಜುವ ಹಾಗೆ ಉಪ್ಪುಕಾಗದ ಹಿಡಿದು ಕೂರುವುದು ಮೊದಲ ಕೆಲಸ. ಪ್ರಶ್ನೆ ಸಹಜ, ಕೆಲಸ ಮಾತ್ರ ಅನಾಹುತ. ಒಳಗೆ ತೋಟಾ ಇರಬಹುದಾದ್ದರಿಂದ ಮಕ್ಕಳಂತೂ ಅದನ್ನು ಮುಟ್ಟಲೇಬಾರದು.

ಬ್ರಿಟಿಷ್ ಸೇನೆಯ ವೆಬ್ಲಿ ರಿವಾಲ್ವರನ್ನೇ ನೋಡಿ. ಇದರ 'ಮಾರ್ಕ್ 6' ಮಾದರಿ ಬಳಕೆಗೆ ಬಂದದ್ದು ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ. ಆರು ಗುಂಡು, 0.455 ಅಂಗುಲದ ತೋಟಾ, ಕೈಯಲ್ಲಿ ಹಿಡಿದರೆ ಒಂದು ಕಿಲೋಗಿಂತ ತುಸು ಹೆಚ್ಚು ತೂಕ. ಚೌಕಟ್ಟಿನ ಮೇಲೆ ತಯಾರಕರ ಹೆಸರು, ವರ್ಷ, ಕ್ರಮಸಂಖ್ಯೆಗಳಿರುತ್ತವೆ. ಗುಂಡು ತುಂಬುವ ಸಿಲಿಂಡರಿನ ಮೇಲೂ ಅದೇ ಸಂಖ್ಯೆ ಇದ್ದರೆ ಎರಡೂ ಹುಟ್ಟಿನಿಂದ ಜೊತೆಗಿದ್ದವು ಎಂದರ್ಥ. ಸಂಖ್ಯೆ ಬೇರೆಯಾದರೆ ಭಾಗ ಬದಲಾಗಿದೆ, ಬೆಲೆ ಇಳಿಯುತ್ತದೆ. ಬಾಣದ ಗುರುತೊಂದಿದ್ದರೆ ಅದು ಬ್ರಿಟಿಷ್ ಸರ್ಕಾರದ ಸೊತ್ತಾಗಿತ್ತು. ಎರಡು ಬಾಣಗಳು ತುದಿಗೆ ತುದಿ ತಾಗಿಸಿಕೊಂಡಿದ್ದರೆ ಸರ್ಕಾರವೇ ಅದನ್ನು ಮಾರಿ ಕೈತೊಳೆದುಕೊಂಡಿತ್ತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕಕ್ಕೆ ಹೋದ ಎಷ್ಟೋ ವೆಬ್ಲಿಗಳ ಸಿಲಿಂಡರನ್ನು ಅಲ್ಲಿ ಸುಲಭವಾಗಿ ಸಿಗುವ ತೋಟಾಕ್ಕೆ ಹೊಂದುವಂತೆ ಹಿಂಬದಿಯಲ್ಲಿ ಸವೆಸಿದರು. ಅಂದು ಅದು ಅನುಕೂಲ. ಇಂದಿನ ಸಂಗ್ರಾಹಕ ಅಂಥದ್ದನ್ನು ಕಂಡರೆ ಮುಖ ಸಿಂಡರಿಸುತ್ತಾನೆ.

ಇನ್ನು ಮೇಲ್ಮೈ. ಹಳೆಯ ರಿವಾಲ್ವರಿನ ನೀಲಿಗಪ್ಪು ಮೆರುಗನ್ನು ಹಲವರು ಬಣ್ಣವೆಂದುಕೊಳ್ಳುತ್ತಾರೆ. ಅದು ಒಂದು ಬಗೆಯ ತುಕ್ಕು! ಕೆಂಪು ತುಕ್ಕು ನೀರಿನಂಶವುಳ್ಳ ಕಬ್ಬಿಣದ ಆಕ್ಸೈಡ್. ಪುಡಿಪುಡಿಯಾಗಿ ಉದುರಿ ಒಳಗಿನ ಲೋಹವನ್ನು ಮತ್ತೆ ಗಾಳಿಗೊಡ್ಡುತ್ತದೆ. ಹಿಂದಿನ ಕುಶಲಕರ್ಮಿಗಳು ಉಕ್ಕಿಗೆ ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ ಕುದಿಯುವ ನೀರಿಗೆ ಹಾಕುತ್ತಿದ್ದರು. ಆಗ ಕೆಂಪು ಆಕ್ಸೈಡ್ ಕಪ್ಪು ಆಕ್ಸೈಡಾಗುತ್ತದೆ. ಇದು ಮ್ಯಾಗ್ನಟೈಟ್, ಅಯಸ್ಕಾಂತದ ಅದಿರಿನಲ್ಲಿರುವುದೂ ಇದೇ. ಲೋಹಕ್ಕೆ ಅಂಟಿಕೊಂಡು ಉಳಿಯುವ ಈ ಪದರ ತಲೆಗೂದಲಿಗಿಂತ ಎಷ್ಟೋ ತೆಳು. ಉಪ್ಪುಕಾಗದದ ನಾಲ್ಕು ಎಳೆತಕ್ಕೆ ಅದು ಹೋಗುತ್ತದೆ, ಅಚ್ಚುಗಳ ಅಂಚೂ ಮೊಂಡಾಗುತ್ತದೆ. ಮತ್ತೆ ಕಪ್ಪು ಹಾಕಿಸಿದರೂ ಮೊಂಡಾದ ಅಂಚು ಪರೀಕ್ಷಕನ ಭೂತಗನ್ನಡಿಗೆ ಸಿಕ್ಕಿಬೀಳುತ್ತದೆ.

ಕಳ್ಳರು ಬೇಕೆಂದೇ ಸಂಖ್ಯೆಯನ್ನು ಅರದಿಂದ ಉಜ್ಜಿ ಅಳಿಸುವುದುಂಟು. ಆದರೆ ಅಚ್ಚು ಒತ್ತಿದಾಗ ಅದರ ಕೆಳಗಿನ ಲೋಹವೂ ಅದುಮಿಕೊಂಡಿರುತ್ತದೆ. ಅಪರಾಧ ಪ್ರಯೋಗಾಲಯದಲ್ಲಿ ಆ ಜಾಗಕ್ಕೆ ತಕ್ಕ ಆಮ್ಲದ್ರಾವಣ ಸವರಿದರೆ, ಅದುಮಿದ ಭಾಗ ಸುತ್ತಲಿನದಕ್ಕಿಂತ ಬೇರೆ ವೇಗದಲ್ಲಿ ಕರಗಿ, ಅಳಿದ ಅಂಕಿಗಳು ಎಷ್ಟೋ ಸಲ ಮಸುಕಾಗಿ ಮೂಡುತ್ತವೆ.

ಒಂದು ಸಂಖ್ಯೆ ಏನು ಮಾಡಬಲ್ಲದು ಎಂಬುದಕ್ಕೆ ಇಂದೋರಿನ ನಿದರ್ಶನವಿದೆ. 1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಸ್ಯಾಂಡರ್ಸ್ ಮೇಲೆ ಭಗತ್ ಸಿಂಗ್ ಗುಂಡು ಹಾರಿಸಿದ ಕೋಲ್ಟ್ ಪಿಸ್ತೂಲು ದಶಕಗಳ ಕಾಲ ಗಡಿ ಭದ್ರತಾ ಪಡೆಯ ಸಂಗ್ರಹದಲ್ಲಿ ಹತ್ತರೊಡನೆ ಹನ್ನೊಂದಾಗಿ ಬಿದ್ದಿತ್ತು. 2016ರಲ್ಲಿ ಮೇಲಿನ ಕಪ್ಪು ಬಣ್ಣ ಕೆರೆದು ನೋಡಿದಾಗ ಕಂಡದ್ದು 168896. ಮೊಕದ್ದಮೆಯ ದಾಖಲೆಯಲ್ಲಿದ್ದುದೂ ಅದೇ ಸಂಖ್ಯೆ. ಹಿಂದಿನ ದಿನ ಹಳೆಯ ಕಬ್ಬಿಣ, ಮರುದಿನ ದೇಶದ ಆಸ್ತಿ.

ರಿವಾಲ್ವರಿಗಿಂತ ಹಿಂದಿನ ಕಾಲದ, ನಮ್ಮ ಶ್ರೀರಂಗಪಟ್ಟಣದ ಚಕಮಕಿ ಬಂದೂಕುಗಳ ಕಥೆಯೂ ಹೀಗೆಯೇ. ಟಿಪ್ಪುವಿನ ಶಸ್ತ್ರಾಗಾರದ ಆಯುಧಗಳನ್ನು ಹುಲಿಯ ಚಿತ್ತಾರ, ಅವನದೇ ಪಂಚಾಂಗದ ವರ್ಷಗಳು ಗುರುತಿಸಿಕೊಡುತ್ತವೆ. ಲಂಡನ್ನಿನ 2015ರ ಹರಾಜಿನಲ್ಲಿ ಅವನ ಬೇಟೆ ಬಂದೂಕೊಂದು 7,22,500 ಪೌಂಡಿಗೆ ಹೋಯಿತು. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನಲ್ಲಿ, ಮನೆಯೊಂದರ ಅಟ್ಟದಲ್ಲಿದ್ದ ಇನ್ನೊಂದು ಬಂದೂಕು 60,000 ಪೌಂಡಿಗೆ ಮಾರಾಟವಾಯಿತು. 1799ರ ಯುದ್ಧದ ಬಳಿಕ ಕಂಪನಿಯ ಮೇಜರ್ ಒಬ್ಬ ಒಯ್ದ ಮಾಲು ಅದು. ಅದರ ಮರದ ಹಿಡಿಗೆ ಗುಂಡೇಟಿನ ಗಾಯವಿತ್ತು. ಯಾವುದೋ ಪೀಳಿಗೆಯವರು ಆ ಗಾಯಕ್ಕೆ ಮೇಣ ತುಂಬಿ ವಾರ್ನಿಷ್ ಹೊಡೆದಿದ್ದರೆ ಬಂದೂಕು ಅಂದವಾಗುತ್ತಿತ್ತು, ಯುದ್ಧದ ಸಾಕ್ಷ್ಯ ಹೋಗುತ್ತಿತ್ತು.

ಆದರೆ ಲಂಡನ್ನಿನ ಬೆಲೆ ಜಾವಗಲ್ಲಿಗೆ ಬರುವುದಿಲ್ಲ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ ಎನ್ನುತ್ತದೆ 1972ರ ಕಾನೂನು. 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೇ ಕಲಮು ಪುರಾತನ ಆಯುಧಗಳಿಗೆ ವಿನಾಯಿತಿ ಕೊಡುತ್ತದೆಂಬುದು ನಿಜ; ಆದರೆ ಹಳೆಯದಾಗಿದ್ದರಷ್ಟೇ ಸಾಲದು, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಂತಿರಬೇಕು. ವೆಬ್ಲಿಯಂಥ ಗಟ್ಟಿ ಯಂತ್ರ ನೂರು ವರ್ಷದ ನಂತರವೂ ಸಿಡಿಯಬಲ್ಲದು. ಅದು ಸಿಡಿಯುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಮನೆಯವರ ಕೆಲಸವಲ್ಲ, ಪೇಟೆಯ ಗುಜರಿಯವನದಂತೂ ಅಲ್ಲವೇ ಅಲ್ಲ. ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಸೆರೆವಾಸದ ಶಿಕ್ಷೆಯುಂಟು. ಹಾಗಾಗಿ ಇದ್ದಲ್ಲೇ ಬಿಟ್ಟು ಪೊಲೀಸ್ ಠಾಣೆಗೆ ತಿಳಿಸಿ, ಬರವಣಿಗೆಯಲ್ಲಿ ರಸೀದಿ ಪಡೆದು ಒಪ್ಪಿಸಬೇಕು. ಪರವಾನಗಿಯ ಮಾತು ಜಿಲ್ಲಾಧಿಕಾರಿ ಕಚೇರಿಯಲ್ಲಿ. ಟ್ರಂಕಿನಲ್ಲಿ ಅಜ್ಜನ ಸೇನಾ ಪತ್ರಗಳು, ಸಮವಸ್ತ್ರದ ಫೋಟೊ, ಪದಕಗಳಿದ್ದರೆ ಅವನ್ನು ಜೋಪಾನವಾಗಿ ತೆಗೆದಿಡಬೇಕು. ಅವಕ್ಕೆ ಯಾವ ಪರವಾನಗಿಯೂ ಬೇಕಿಲ್ಲ.