ಎಕ್ಸ್‌ರೇ ಚೊಕ್ಕಟ, ದಮ್ಮು ಮಾತ್ರ ನಿಲ್ಲದು!

ಹೇಮಗುಡ್ಡ: ಗಂಗಾವತಿ ಬಸ್ಸಿಗೆ ಕಾಯುವವರ ಕೈಯಲ್ಲಿ ಚಹದ ಗ್ಲಾಸು, ಕಿವಿ ಸಂದಿಯಲ್ಲೊಂದು ಬೀಡಿ. ಬಸ್ಸು ಬಂತೆಂದು ನಾಲ್ಕು ಹೆಜ್ಜೆ ಓಡಿದ ಐವತ್ತರ ಹಿರಿಯರು ಬಾಗಿಲ ಸರಳು ಹಿಡಿದು ಏದುಸಿರು ಬಿಡುತ್ತಾರೆ. 'ಕಾಕಾ, ದವಾಖಾನಿಗೆ ತೋರಸ್ರಿ' ಎಂದರೆ ಉತ್ತರ ಸಿದ್ಧ: 'ಫೋಟೋ ತೆಗಿಸೀನಿ ತಮ್ಮಾ, ಎದಿ ಚೊಕ್ಕಟ ಐತಿ ಅಂದಾರ. ವಯಸ್ಸಾತು, ಅಷ್ಟ.' ಇಂಥ ಮಾತು ಯಾವ ಬಸ್ ಸ್ಟಾಪಿನಲ್ಲಿ ಕೇಳಿಸುವುದಿಲ್ಲ? ಊರು ಮುಟ್ಟಿ ಇಳಿದೊಡನೆ ಮತ್ತೊಂದು ಕಡ್ಡಿ ಗೀರುತ್ತಾರೆ.

ಮೋಸ ಇರುವುದೇ ಈ 'ಚೊಕ್ಕಟ'ದಲ್ಲಿ. ಎಕ್ಸ್‌ರೇ ಕ್ಷಯದ ಕಲೆ ತೋರಿಸೀತು, ನ್ಯುಮೋನಿಯಾ ತೋರಿಸೀತು. ಬೀಡಿ ಹೊಗೆ ಮೊದಲು ಕೆಡಿಸುವ ಜಾಗ ಅದಕ್ಕೆ ಕಾಣುವುದೇ ಇಲ್ಲ. ಶ್ವಾಸನಾಳವೆಂದರೆ ಎಡದಂಡೆ ಕಾಲುವೆ ಇದ್ದ ಹಾಗೆ. ಒಡೆದು ಒಡೆದು ಕೊನೆಗೆ ಎರಡು ಮಿಲಿಮೀಟರಿಗೂ ಸಣ್ಣ ಟಿಸಿಲುಗಳಾಗುತ್ತವೆ. ಹೊಗೆಗೆ ಇವು ಬಾತು, ಕಫದಿಂದ ಕಟ್ಟಿ, ಒಂದೊಂದಾಗಿ ಇಲ್ಲವಾಗುತ್ತವೆ. ಮೇಲ್ಭಾಗದ ತೂಬಿನಲ್ಲಿ ನಿಂತವನಿಗೆ ಇದು ಗೊತ್ತಾಗದು. ಕೊನೆ ಭಾಗದ ರೈತನನ್ನು ಕೇಳಬೇಕು!

ಆ ಕೊನೆ ಭಾಗದ ಸುದ್ದಿ ತರುವುದು ಸಿಟಿ ಸ್ಕ್ಯಾನು. ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಲ್ಲಿ ಮೊದಲ ರೋಗಿಯನ್ನು ನೋಡಿದ್ದು 1971ರಲ್ಲಿ. 1979ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಅಳತೆಯಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಪೂರ್ತಿ ಉಸಿರೆಳೆದಾಗ ಶ್ವಾಸಕೋಶದ ಒಂದು ಭಾಗ ಮೈನಸ್ 950ಕ್ಕಿಂತ ಕೆಳಗಿದ್ದರೆ ಅಲ್ಲಿ ಗಾಳಿಚೀಲಗಳು ಹರಿದಿವೆ ಎಂದು ಲೆಕ್ಕ. ಉಸಿರು ಬಿಟ್ಟು ಇನ್ನೊಮ್ಮೆ ಚಿತ್ರ ತೆಗೆಯುತ್ತಾರೆ. ಗಟ್ಟಿ ಇರುವ ಭಾಗ ಬೆಳ್ಳಗಾಗುತ್ತದೆ, ಗಾಳಿ ಸಿಕ್ಕಿಬಿದ್ದ ಭಾಗ ಕಪ್ಪಾಗಿಯೇ ಉಳಿಯುತ್ತದೆ. ಟಿಸಿಲು ಕಾಣದಿದ್ದರೂ ಅದು ಕಟ್ಟಿಕೊಂಡಿರುವುದು ಹೀಗೆ ಸಿಕ್ಕಿಬೀಳುತ್ತದೆ. 2012ರಲ್ಲಿ ಅಮೆರಿಕದ ಮಿಷಿಗನ್‌ನವರು ಎರಡೂ ಚಿತ್ರ ಒಂದರ ಮೇಲೊಂದಿಟ್ಟು ಬಣ್ಣ ಹಚ್ಚಿದರು: ಹಸಿರು ಕ್ಷೇಮ, ಹಳದಿ ಟಿಸಿಲಿನ ರೋಗ, ಕೆಂಪು ಹರಿದ ಚೀಲ.

ಆ ದೇಶದಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು, ಬಹುಪಾಲು ಸೇದುವವರನ್ನೇ, ಸ್ಕ್ಯಾನ್ ಮಾಡಿದ ಅಧ್ಯಯನವೊಂದಿದೆ, ಸಿಓಪಿಡಿಜೀನ್ ಎಂದು. ಊದುವ ಪರೀಕ್ಷೆಯಲ್ಲಿ ಪಾಸಾದ ಸೇದುವವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಏದುಸಿರೋ, ನಡಿಗೆಯ ಸೋಲೋ, ಸ್ಕ್ಯಾನಿನಲ್ಲಿ ಕೆಡುಕೋ ಇತ್ತೆಂದು 2015ರಲ್ಲಿ ಅದು ವರದಿ ಮಾಡಿತು.

ಅದು ಸಿಗರೇಟಿನವರ ಕತೆ ಎನ್ನಬೇಡಿ. 2016-17ರ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಬೀಡಿಯವರು ಶೇ. 7.7, ಸಿಗರೇಟಿನವರು ಶೇ. 4. ಬೀಡಿಯಲ್ಲಿ ತಂಬಾಕು ಕಡಿಮೆಯಾದರೂ ಆರಿಹೋಗದಂತೆ ಪದೇಪದೇ ಜಗ್ಗಬೇಕು; ಒಳಗೆ ಹೋಗುವ ಹೊಗೆ ಕಡಿಮೆಯಲ್ಲ. ಇನ್ನು ಅಡುಗೆಮನೆ. ದಿನಕ್ಕೆ ಎಷ್ಟು ತಾಸು, ಎಷ್ಟು ವರ್ಷ ಎಂದು ಗುಣಿಸಿ ಲೆಕ್ಕ 60 ದಾಟಿದರೆ ಒಲೆ ಊದುವ ಹೆಣ್ಣುಮಕ್ಕಳಿಗೆ ಕೆಮ್ಮು-ಕಫದ ಕಾಯಿಲೆಯ ಭಯವೆಂದು ಮೈಸೂರಿನ ಜೆಎಸ್‌ಎಸ್ ವೈದ್ಯರು 2013ರಲ್ಲಿ ಹೇಳಿದ್ದಾರೆ. ಎರಡು ತಾಸು, ಮೂವತ್ತು ವರ್ಷ. ಯಾವ ತಾಯಿಯ ಲೆಕ್ಕ ಇದಕ್ಕಿಂತ ಕಡಿಮೆ?

ಹಾಗಂತ ಎಲ್ಲರೂ ಸ್ಕ್ಯಾನಿಗೆ ಓಡಬೇಕಿಲ್ಲ. ಖರ್ಚು ಬೇರೆ, ಎಕ್ಸ್‌ರೇಗಿಂತ ಕಿರಣವೂ ಬಹಳ ಹೆಚ್ಚು. ಹಳೇ ಕ್ಷಯದ ಕಲೆಗಳು ಬೇರೆ ತಲೆ ಕೆಡಿಸುತ್ತವೆ. ಮೊದಲು ಬೇಕಾದದ್ದು ಸ್ಪೈರೊಮೀಟರು, ಜೋರಾಗಿ ಊದಿಸಿ ನೋಡುವ ಸಣ್ಣ ಯಂತ್ರ. ಅದರಲ್ಲಿ ಗೊಂದಲ ಉಳಿದರೆ ಸ್ಕ್ಯಾನಿನ ಮಾತು ಡಾಕ್ಟರೇ ಎತ್ತುತ್ತಾರೆ. ಕೊಪ್ಪಳದಲ್ಲಿ 2015ರಿಂದ ಸರಕಾರಿ ಮೆಡಿಕಲ್ ಕಾಲೇಜಿದೆ, ಅಲ್ಲಿ ಕೇಳಬಹುದು.

ಹೋದ ಟಿಸಿಲು ತಿರುಗಿ ಬರುವುದಿಲ್ಲ. ಆದರೆ ಸೇದುವುದನ್ನು ಬಿಟ್ಟವರ ಉಸಿರು ಇಳಿಯುವ ವೇಗ ಸೇದದವರ ಮಟ್ಟಕ್ಕೆ ಹತ್ತಿರ ಬರುತ್ತದೆಂದು ಫ್ಲೆಚರ್ ಮತ್ತು ಪೀಟೊ 1977ರಲ್ಲೇ ತೋರಿಸಿದ್ದರು. ಅಂದರೆ ಕಾಕಾ ಮುಂದಿನ ಸಲ ದವಾಖಾನೆಗೆ ಹೋದಾಗ ಫೋಟೋ ಚೀಟಿ ಮಡಚಿಟ್ಟು ಕೇಳಬೇಕಾದದ್ದು ಇಷ್ಟೆ: 'ಊದಿ ನೋಡೋ ಮಿಷಿನ್ ಎಲ್ಲೈತ್ರಿ ಸಾಹೇಬ್ರ?'