ಹಿನ್ನೀರಿನ ಮೇಲೊಂದು ಕಿವಿ

ಮಾರ್ಚ್ ತಿಂಗಳ ನಸುಕು. ಶರಾವತಿ ಹಿನ್ನೀರು ಇಳಿದು, ದಂಡೆಯ ಕೆಂಪು ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಹೊರಬಿದ್ದಿದೆ. ಮುಳುಗಡೆಯಾದ ಕಾಡಿನ ಬೊಡ್ಡೆಯೊಂದು ನೀರಿನಿಂದ ಮೊಳದಷ್ಟು ಮೇಲೆದ್ದಿದೆ. ಅದರ ತುದಿಯಲ್ಲಿ ನೀರುಕಾಗೆಯೊಂದು ಕತ್ತು ಒಳಗೆಳೆದುಕೊಂಡು ಕೂತಿದೆ. ಗಾಳಿಯಿಲ್ಲ. ಬೊಡ್ಡೆ ಎಲ್ಲಿ ಮುಗಿದು ಬಿಂಬ ಎಲ್ಲಿ ಶುರುವಾಯಿತೆಂದು ತಿಳಿಯುತ್ತಿಲ್ಲ.

ಈ ಸಲ ಬಂದದ್ದು ಹಕ್ಕಿಗಳಿಗಾಗಿ ಅಲ್ಲ, ಈ ನೀರಿಗಾಗಿ. 2020ರ ಆರಂಭದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಖಭೌತ ವಿಜ್ಞಾನಿಗಳು ಸಾರಸ್-3 ಎಂಬ ರೇಡಿಯೋ ದೂರದರ್ಶಕವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಈ ಹಿನ್ನೀರಿನಲ್ಲೂ ತೇಲಿಬಿಟ್ಟು ಆಕಾಶಕ್ಕೆ ಕಿವಿಗೊಟ್ಟಿದ್ದರು.

ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷವಾಗಿದ್ದಾಗ ಹೊರಟ ಬೆಳಕು ಇಂದಿಗೂ ಎಲ್ಲೆಡೆ ತುಂಬಿಕೊಂಡಿದೆ. ಆಗ ಸುಮಾರು 3000 ಕೆಲ್ವಿನ್ ಇದ್ದ ಅದರ ಬಿಸಿ ಈಗ ಆರಿ 2.7 ಕೆಲ್ವಿನ್‌ಗೆ ಬಂದಿದೆ. ಹೆಬ್ಬೆರಳ ತುದಿಯಷ್ಟು ಜಾಗದಲ್ಲೂ ಅದರ ನಾನೂರು ಕಣಗಳಿವೆ, ಈ ನೀರುಕಾಗೆಯ ರೆಕ್ಕೆಯ ಸಂದಿನಲ್ಲೂ. ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಸುತ್ತಲಿನ ಜಲಜನಕ ಈ ಹಳೆಯ ಬೆಳಕಿನಲ್ಲಿ ಒಂದಿಷ್ಟನ್ನು ನುಂಗಿರಬೇಕು. ಆ ನುಂಗಿದ ಗುರುತನ್ನೇ ಅವರು ಹುಡುಕುತ್ತಿದ್ದುದು. ಒಂದು ಕೆಲ್ವಿನ್‌ಗೂ ಕಡಿಮೆ ಆಳದ ಸಣ್ಣ ತಗ್ಗು ಅದು. ನಮ್ಮ ಆಕಾಶಗಂಗೆಯ ಗದ್ದಲವಾದರೋ ಅದಕ್ಕಿಂತ ಸಾವಿರಾರು ಪಟ್ಟು ದೊಡ್ಡದು.

2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮರುನೆಲದಲ್ಲಿ ಎಡ್ಜಸ್ ಎಂಬ ಪ್ರಯೋಗದವರು ಆ ತಗ್ಗು ಸಿಕ್ಕಿತೆಂದಿದ್ದರು. 78 ಮೆಗಾಹರ್ಟ್ಸ್ ಸುತ್ತ, ಸುಮಾರು ಅರ್ಧ ಕೆಲ್ವಿನ್ ಆಳ. ಲೆಕ್ಕಾಚಾರ ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಅದನ್ನು ಪರೀಕ್ಷಿಸಲು ಹೊರಟವರಿಗೆ ನೀರೇಕೆ? ನಾನು ಕೂತ ದಂಡೆಯನ್ನು ಕಡ್ಡಿಯಿಂದ ಕೆದಕಿದೆ. ಮೇಲೆ ಒಣ ಹುಡಿ, ಒಂದು ಗೇಣು ಕೆಳಗೆ ತೇವ, ಆಮೇಲೆ ಜಂಬಿಟ್ಟಿಗೆಯ ಹರಳು. ಇನ್ನೂ ಕೆಳಗೆ ಬಂಡೆಯಿರುತ್ತದೆ. ಆಂಟೆನಾಗೆ ಒಂದೊಂದು ಪದರವೂ ಅಲೆಯನ್ನು ಒಂದೊಂದು ರೀತಿಯಲ್ಲಿ ಮರಳಿಸುತ್ತದೆ. ಅವೆಲ್ಲ ಬೆರೆತು, ಇಲ್ಲದ ತಗ್ಗನ್ನು ಇದ್ದಂತೆ ತೋರಿಸಬಲ್ಲವು. ನೀರಿಗೆ ಪದರಗಳಿಲ್ಲ. ಮೇಲಿನಿಂದ ಕೆಳಗಿನವರೆಗೆ ಅದು ಒಂದೇ. ಅದು ಏನು ಮಾಡುತ್ತದೆಂದು ಮೊದಲೇ ಲೆಕ್ಕ ಹಾಕಬಹುದು. ತರಗೆಲೆಯ ಮೇಲೆ ನಿಂತು ಹಕ್ಕಿಯ ದನಿಗೆ ಕಾಯುವವರಿಗೆ ಇದು ಬೇಗ ಅರ್ಥವಾಗುತ್ತದೆ: ಮೊದಲು ಕಾಲಿನಡಿಯ ಸದ್ದು ನಿಲ್ಲಬೇಕು.

ಲಿಂಗನಮಕ್ಕಿ ಅಣೆಕಟ್ಟು ಈ ನೀರನ್ನು ತಡೆದು ನಿಲ್ಲಿಸಿದ 1964ರಲ್ಲೇ ಅಮೆರಿಕದ ಹೋಮ್‌ಡೆಲ್‌ನಲ್ಲಿ ಆರ್ನೊ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅವರ ಆಂಟೆನಾಗೆ, ಎತ್ತ ತಿರುಗಿಸಿದರೂ ನಿಲ್ಲದ ಗುಂಯ್‌ಗುಡುವಿಕೆಯೊಂದು ಅಂಟಿಕೊಂಡಿತ್ತು. ಒಳಗೆ ಗೂಡು ಮಾಡಿದ್ದ ಜೋಡಿ ಪಾರಿವಾಳಗಳ ಮೇಲೆ ಅನುಮಾನ ಬಂತು. ಹಿಕ್ಕೆ ಉಜ್ಜಿ ತೊಳೆದರು, ಹಕ್ಕಿಗಳನ್ನು ದೂರ ಸಾಗಿಸಿದರು. ಅವು ಮರಳಿ ಬಂದವು. ಮನೆಯ ದಾರಿ ಮರೆಯದಿರುವುದು ಪಾರಿವಾಳದ ಹುಟ್ಟುಗುಣ. ಕೊನೆಗೆ ಗುಂಡಿಗೆ ಬಲಿಯಾದವು. ಸದ್ದು ಮಾತ್ರ ಹೋಗಲಿಲ್ಲ. ಅದು ಆ ಹಳೆಯ ಬೆಳಕಿನದೇ ಆಗಿತ್ತು. 1978ರಲ್ಲಿ ಅದಕ್ಕೆ ನೊಬೆಲ್ ಬಂತು. ಈ ಕಥೆಯಲ್ಲಿ ಆ ಜೋಡಿ ಪಾರಿವಾಳಗಳನ್ನು ನೆನೆಯದೆ ಮುಂದೆ ಹೋಗಲು ನನಗಾಗುವುದಿಲ್ಲ.

ಸಾರಸ್-3 ಕೊಟ್ಟ ಉತ್ತರ ‘ಇಲ್ಲ’ ಎಂದು. ಎಡ್ಜಸ್ ಹೇಳಿದ ಆ ತಗ್ಗು ಆಕಾಶದಲ್ಲಿಲ್ಲವೆಂದು ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮತ್ತು ಜೊತೆಗಾರರು 2022ರಲ್ಲಿ ಶೇ. 95.3ರ ಖಚಿತತೆಯೊಂದಿಗೆ ಪ್ರಕಟಿಸಿದರು. ಈ ‘ಇಲ್ಲ’ದ ಬೆಲೆ ನನಗೆ ಗೊತ್ತು. ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಕಾಣಲಿಲ್ಲ’ ಎಂಬ ಸಾಲುಗಳೇ ಹೆಚ್ಚು. ಎಷ್ಟು ಹೊತ್ತು ಕೂತೆ, ಗಾಳಿ ಯಾವ ಕಡೆಯದು, ನಾನೆಷ್ಟು ಅಲುಗಾಡಿದೆ ಎಂಬುದನ್ನು ಬರೆದಿಡದಿದ್ದರೆ ಆ ಸಾಲಿಗೆ ಅರ್ಥವೇ ಇರುವುದಿಲ್ಲ.

ಏಳು ಗಂಟೆಗೆ ಬಿಸಿಲು ಬೊಡ್ಡೆ ಮುಟ್ಟಿತು. ನೀರುಕಾಗೆ ಕತ್ತು ಚಾಚಿ ಒಂದು ರೆಕ್ಕೆ ಬಿಚ್ಚಿತು, ಆಮೇಲೆ ಇನ್ನೊಂದು. ಕಪ್ಪು-ಬಿಳಿ ಮಿಂಚುಳ್ಳಿಯೊಂದು ನಿಂತಲ್ಲೇ ರೆಕ್ಕೆ ಬಡಿದು ನೆಟ್ಟಗೆ ಕೆಳಗೆ ಬಿತ್ತು. ಮೀನು ಸಿಗಲಿಲ್ಲ. ಅದು ಬಿದ್ದಲ್ಲಿಂದ ಹೊರಟ ಉಂಗುರ ದಂಡೆ ಮುಟ್ಟುವವರೆಗೂ ಎಣಿಸಿದೆ. ಹದಿನೇಳು ಉಸಿರು.